ಮಾವಿನ ವಾಟೆ ಕೊರೆಯುವ ಮೂತಿಹುಳು: ಕಾಯಿ ನಿಂಬೆ ಗಾತ್ರವಿದ್ದಾಗಲೇ ತಡೆಯಿರಿ

ಸಿಪ್ಪೆಯ ಮೇಲೆ ತೂತಿಲ್ಲ, ತಿರುಳು ಕೊಳೆತಿಲ್ಲ. ವಾಟೆ ಸೀಳಿದರೆ ಮಾತ್ರ ಒಳಗಿನ ಬೀಜವೆಲ್ಲ ಕಪ್ಪು ಹುಡಿಯಾಗಿ, ನಡುವೆ ಕಂದು ಬಣ್ಣದ ಮೂತಿಹುಳು ಕೂತಿರುತ್ತದೆ. ಶ್ರೀನಿವಾಸಪುರ, ಚಿಂತಾಮಣಿ, ರಾಮನಗರದ ಕಡೆಯ ಬೆಳೆಗಾರರಿಗೆ ಇದು ಗೊತ್ತಿರುವ ಪೀಡೆ. ಹಣ್ಣಾದ ಮೇಲೆ ಕಣ್ಣಿಗೆ ಬೀಳುವುದರಿಂದ ಔಷಧಿಯ ಯೋಚನೆಯೂ ಆಗಲೇ ಬರುತ್ತದೆ. ಅಷ್ಟು ಹೊತ್ತಿಗೆ ಯಾವ ಔಷಧಿಯೂ ವಾಟೆಯೊಳಗೆ ಇಳಿಯುವುದಿಲ್ಲ.

ಹುಳು ಹೊಕ್ಕಿದ್ದು ಬಹಳ ಮೊದಲು. ಮರ ಹೂ ಬಿಟ್ಟಾಗ ತೊಗಟೆಯ ಬಿರುಕುಗಳಿಂದ ಹೊರಬರುವ ಮೂತಿಹುಳು, ಕಾಯಿ ಗೋಲಿ ಗಾತ್ರದಿಂದ ನಿಂಬೆ ಗಾತ್ರಕ್ಕೆ ಬರುವಾಗ ಸಿಪ್ಪೆ ಗೀರಿ ಮೊಟ್ಟೆಯಿಡುತ್ತದೆ. ಒಸರಿದ ಸೊನೆ ಒಣಗಿ ಮೊಟ್ಟೆಗೆ ಮುಚ್ಚಳವಾಗುತ್ತದೆ. ಸುಮಾರು ಒಂದು ವಾರದಲ್ಲಿ ಮರಿ ಹೊರಬಂದು, ವಾಟೆ ಗಟ್ಟಿಯಾಗುವ ಮೊದಲೇ ತಿರುಳು ದಾಟಿ ಬೀಜ ಸೇರುತ್ತದೆ. ಕಾಯಿ ಬಲಿಯುತ್ತಾ ಬಂದಂತೆ ಆ ದಾರಿ ಮಾಯ್ದು ಹೋಗುತ್ತದೆ. ಮರಿ ಬೆಳೆದು ಕೋಶವಾಗುವುದೂ ಪ್ರೌಢ ಹುಳುವಾಗುವುದೂ ವಾಟೆಯೊಳಗೇ. ನೀಲಂನಂಥ ತಡವಾಗಿ ಮಾಗುವ ತಳಿಗಳಲ್ಲಿ ಕೆಲವೊಮ್ಮೆ ಅದು ತಿರುಳನ್ನೇ ಕೊರೆದು ಹೊರಬಂದು ಹಣ್ಣು ಹಾಳುಮಾಡುತ್ತದೆ. ತೋತಾಪುರಿಗೂ ಇದರ ಕಾಟ ಹೆಚ್ಚು.

ಸಿಂಪಡಣೆಗೆ ಸಿಗುವ ಅವಕಾಶ ಈ ಕೆಲವೇ ವಾರಗಳದ್ದು. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಲೀಟರ್ ನೀರಿಗೆ 1 ಮಿ.ಲೀ. ಡೆಲ್ಟಾಮೆಥ್ರಿನ್ 2.8 ಇ.ಸಿ. ಬೆರೆಸಿ, ಗೊಂಚಲು ನೆನೆಯುವಂತೆ ಸಿಂಪಡಿಸಿ. ಕಳೆದ ವರ್ಷ ಕಾಟ ಹೆಚ್ಚಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ. ಅದಕ್ಕಿಂತ ಹೆಚ್ಚು ಬೇಡ, ಮಿತ್ರಕೀಟಗಳು ಸಾಯುತ್ತವೆ. ಹೂ ಅರಳಿರುವಾಗ ಖಂಡಿತ ಹೊಡೆಯಬೇಡಿ, ಕಾಯಿ ಕಚ್ಚಿಸುವ ನೊಣ, ಜೇನುಗಳೂ ಉಳಿಯುವುದಿಲ್ಲ. ಕೊಳ್ಳುವ ಮೊದಲು ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಈಗಿನ ಶಿಫಾರಸು ವಿಚಾರಿಸಿ.

ಹಣ್ಣುನೊಣಕ್ಕೆ ಕಟ್ಟುವ ಮೋಹಕ ಬಲೆಗೆ ಮೂತಿಹುಳು ಬೀಳುವುದಿಲ್ಲ. ಕಾಯಿ ದಪ್ಪವಾದ ಮೇಲೆ ಕವರ್ ಹಾಕಿದರೂ ಇದಕ್ಕೆ ಪ್ರಯೋಜನವಿಲ್ಲ, ಮೊಟ್ಟೆ ಆಗಲೇ ಒಳಗಿರುತ್ತದೆ.

ನನ್ನ ಮಟ್ಟಿಗೆ ಔಷಧಿಗಿಂತ ದೊಡ್ಡ ಕೆಲಸ ತೋಟದ ಸ್ವಚ್ಛತೆ. ಈ ಹುಳು ದೂರ ಹಾರುವಂಥದ್ದಲ್ಲ, ವರ್ಷಕ್ಕೆ ಒಂದೇ ಪೀಳಿಗೆ. ಮುಂದಿನ ವರ್ಷ ನಿಮ್ಮ ಮರಕ್ಕೆ ಬರುವ ಹುಳುಗಳಲ್ಲಿ ಬಹುಪಾಲು ಈ ವರ್ಷ ನಿಮ್ಮ ತೋಟದಲ್ಲೇ ಬಿದ್ದ ವಾಟೆಗಳಿಂದ ಹುಟ್ಟಿದವು. ಉದುರಿದ ಕಾಯಿ, ಕೊಯ್ಲಿನಲ್ಲಿ ಬಿಟ್ಟ ಹಣ್ಣು, ತಿಂದೆಸೆದ ವಾಟೆಗಳನ್ನು ವಾರಕ್ಕೊಮ್ಮೆ ಆರಿಸಿ ಸುಡಿ, ಇಲ್ಲವೇ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ತಿಪ್ಪೆಗೆ ಎಸೆದರೆ ಹುಳು ಅಲ್ಲಿಂದಲೇ ಎದ್ದು ಬರುತ್ತದೆ. ಕೊಯ್ಲಾದ ಮೇಲೆ ಹುಳುಗಳು ತೊಗಟೆಯ ಸಂದು, ಕವೆ, ಬುಡದ ತರಗೆಲೆಗಳಲ್ಲಿ ಅಡಗಿ ಕೂರುತ್ತವೆ. ಸಡಿಲ ತೊಗಟೆ ಕೆರೆದು ತೆಗೆಯಿರಿ, ಬುಡ ಚೊಕ್ಕಟವಾಗಿಡಿ. ಪಕ್ಕದ ತೋಟದವರನ್ನೂ ಜೊತೆಗೆ ಸೇರಿಸಿಕೊಂಡರೆ ಫಲ ಹೆಚ್ಚು.

ಅಮೆರಿಕ 2007ರಲ್ಲಿ ಭಾರತದ ಮಾವಿಗೆ ಬಾಗಿಲು ತೆರೆದಾಗ 400 ಗ್ರೇ ವಿಕಿರಣ ಸಂಸ್ಕರಣೆಯನ್ನು ಕಡ್ಡಾಯ ಮಾಡಿತು. ಅದಕ್ಕೆ ಮುಖ್ಯ ಕಾರಣಗಳಲ್ಲಿ ಈ ಹುಳುವೂ ಒಂದು. ರಫ್ತಿನ ಆಸೆಯಿರುವವರು ಕೊಯ್ಲಿನಲ್ಲಿ ಪ್ರತಿ ತಳಿಯ ಕೆಲವು ಹಣ್ಣುಗಳ ವಾಟೆ ಸೀಳಿ ನೋಡಿ ಬರೆದಿಡಿ, ಮುಂದಿನ ವರ್ಷ ಯಾವ ಸಾಲಿಗೆ ಸಿಂಪಡಣೆ ಬೇಕೆಂಬುದು ಅದರಿಂದಲೇ ತಿಳಿಯುತ್ತದೆ. ಕಸಿ ಗಿಡಕ್ಕಾಗಿ ರಸ ತೆಗೆಯುವ ಕಾರ್ಖಾನೆಯಿಂದ ವಾಟೆ ತರುವ ನರ್ಸರಿಯವರು ಹೊರಗಿನ ಗಟ್ಟಿ ಸಿಪ್ಪೆ ಬಿಡಿಸಿ, ಗಟ್ಟಿಮುಟ್ಟಾದ ಬೀಜವನ್ನಷ್ಟೇ ಪಾತಿಗೆ ಹಾಕಬೇಕು. ಹುಳುವಿದ್ದ ವಾಟೆಗಳನ್ನು ಅಲ್ಲೇ ಸುಟ್ಟುಬಿಡಿ.