ಮಲಗಿದ ಕಂಪ್ಯೂಟರಿನಿಂದ ಪೆನ್‌ಡ್ರೈವ್ ಕೀಳಬಹುದೇ?

ಹೋದ ತಿಂಗಳು ನನ್ನ ಕೈಯಿಂದಲೇ ಗೆಳೆಯನ ಪ್ರಾಜೆಕ್ಟ್ ಹಾಳಾಯಿತು. ಉಬುಂಟು ಇರುವ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿ ರೆಕಾರ್ಡ್ ಬರೆಯುತ್ತಿದ್ದೆ. ಜೊಹರ್ ನಮಾಜಿಗೆ ಹೊತ್ತಾಯಿತೆಂದು ಮುಚ್ಚಳ ಮುಚ್ಚಿದೆ. ಪರದೆ ಆರಿತ್ತಲ್ಲ, ಬಂದ್ ಆಗಿದೆ ಎಂದುಕೊಂಡು ಪೆನ್‌ಡ್ರೈವ್ ಕಿತ್ತು ಗೆಳೆಯನಿಗೆ ಕೊಟ್ಟೆ. ಅವನು ಪೋತ್ನಾಳ ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ತನ್ನ ಪ್ರಾಜೆಕ್ಟ್ ಟೈಪ್ ಮಾಡಿಸಿ ಅದರಲ್ಲೇ ಹಾಕಿಸಿಕೊಂಡು ಬಂದ. ನಾನು ಮತ್ತೆ ಚುಚ್ಚಿ, ಮುಚ್ಚಳ ತೆರೆದು, ನನ್ನ ಫೈಲ್ ಸೇವ್ ಮಾಡಿದೆ. ಅವನ ಫೈಲ್ ತೆರೆದರೆ ಅರ್ಥವಿಲ್ಲದ ಗುರುತುಗಳು!

ಮುಚ್ಚಳ ಮುಚ್ಚಿದರೆ ಕಂಪ್ಯೂಟರ್ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ. ಪ್ರೊಸೆಸರ್ ನಿಲ್ಲುತ್ತದೆ, ಆದರೆ ರ‍್ಯಾಮ್‌ಗೆ ಸ್ವಲ್ಪ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಪೆನ್‌ಡ್ರೈವಿನಲ್ಲಿ ಯಾವ ಫೈಲ್ ಎಲ್ಲಿದೆ, ಯಾವ ಜಾಗ ಖಾಲಿ ಎಂಬ ಪಟ್ಟಿಯ ನಕಲೂ ಆ ರ‍್ಯಾಮ್‌ನಲ್ಲೇ ಉಳಿದಿರುತ್ತದೆ. ಕಿರಾಣಿ ಅಂಗಡಿಯವನು ಉದ್ದರಿ ಪುಸ್ತಕದ ನಕಲು ಕಿಸೆಯಲ್ಲಿಟ್ಟು ಮಲಗಿದ್ದಾನೆ, ಅಷ್ಟರಲ್ಲಿ ಮಗ ಅಸಲು ಪುಸ್ತಕದಲ್ಲಿ ಹೊಸ ಲೆಕ್ಕ ಬರೆದ ಎನ್ನಿ. ಎದ್ದವನು ಹಳೆಯ ನಕಲನ್ನೇ ನಂಬಿ ಖಾಲಿ ಎಂದುಕೊಂಡ ಸಾಲಿನ ಮೇಲೆ ಬರೆದುಬಿಡುತ್ತಾನೆ. ಆದದ್ದು ಇಷ್ಟೇ.

ಎಚ್ಚರವಾದಾಗ ಲಿನಕ್ಸ್ ಪರೀಕ್ಷೆ ಮಾಡುವುದಿಲ್ಲವೇ? ಮಾಡುತ್ತದೆ, ಆದರೆ ತಯಾರಕರ ಸಂಖ್ಯೆ, ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆಯಂಥವನ್ನು ಮಾತ್ರ. ಮುಖ ನೋಡುತ್ತದೆ, ಹೊಟ್ಟೆಯೊಳಗೆ ನೋಡುವುದಿಲ್ಲ. ಇದಕ್ಕೆ ‘ಯುಎಸ್‌ಬಿ ಪರ್ಸಿಸ್ಟ್’ ಎಂದು ಹೆಸರು. ಅಲನ್ ಸ್ಟರ್ನ್ 2006ರಲ್ಲಿ ಬರೆದ ಕರ್ನಲ್ ಟಿಪ್ಪಣಿಯಲ್ಲೇ ಈ ಅಪಾಯದ ಎಚ್ಚರಿಕೆ ಇದೆ. ಓದಿದ್ದು ಮಾತ್ರ ನಾನು ಕೆಟ್ಟ ಮೇಲೆ.

ಹೈಬರ್ನೇಟ್ ಮಾಡಿದರೂ ಗಂಡಾಂತರ ತಪ್ಪದು. ಅಲ್ಲಿ ರ‍್ಯಾಮ್‌ನಲ್ಲಿದ್ದದ್ದು ಡಿಸ್ಕಿಗೆ ಹೋಗಿ ಕೂರುತ್ತದೆ, ಕರೆಂಟ್ ಪೂರ್ತಿ ನಿಲ್ಲುತ್ತದೆ. ಎದ್ದಾಗ ಅದೇ ಹಳೆಯ ಪಟ್ಟಿ ವಾಪಸ್ ಬರುತ್ತದೆ.

ಸರಿಯಾದ ಕ್ರಮವೆಂದರೆ ಮಲಗಿಸುವ ಮುಂಚೆಯೇ ‘ಇಜೆಕ್ಟ್’ ಒತ್ತಿ ತೆಗೆಯುವುದು. ಮರೆತು ಕಿತ್ತಿದ್ದರೆ? ಬೇರೆಲ್ಲೂ ಹಾಕಿಲ್ಲವಾದರೆ, ಎಬ್ಬಿಸುವ ಮುಂಚೆ ಅದೇ ಪೋರ್ಟಿಗೆ ಹಾಕಿಬಿಡಿ. ಬೇರೆ ಕಂಪ್ಯೂಟರಿನಲ್ಲಿ ಏನಾದರೂ ಬರೆದಿದ್ದರೆ ಹಾಗೆ ಮಾಡಬೇಡಿ. ಮೊದಲು ಪೆನ್‌ಡ್ರೈವ್ ಇಲ್ಲದೆಯೇ ಕಂಪ್ಯೂಟರ್ ಎಬ್ಬಿಸಿ. ಅದು ಹೋಗಿದೆ ಎಂದು ಗೊತ್ತಾಗಿ ಹಳೆಯ ಪಟ್ಟಿಯನ್ನು ಕೈಬಿಡಲಿ. ಪೆನ್‌ಡ್ರೈವಿನ ಚಿತ್ರ ಪರದೆಯಿಂದ ಮಾಯವಾದ ಮೇಲೆ ಚುಚ್ಚಿದರೆ ಹೊಸದಾಗಿ ಓದಿಕೊಳ್ಳುತ್ತದೆ. ಆಗ ತೆರೆದಿದ್ದ ಫೈಲಿನಲ್ಲಿ ಸೇವ್ ಆಗದೆ ಉಳಿದದ್ದನ್ನು ಬೇರೆ ಹೆಸರಿನಲ್ಲಿ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳಿ.

ಗೆಳೆಯನ ಪ್ರಾಜೆಕ್ಟನ್ನು ನಾನೇ ಕೂತು ಮತ್ತೆ ಟೈಪ್ ಮಾಡಿಕೊಟ್ಟೆ. ಎರಡು ರಾತ್ರಿ ಹಿಡಿಯಿತು.