ಹಳೆಯ ಹಾಯಿಹಡಗಿಗೆ ಗಣಿತದ ಒಡಲು

ಮಳೆಗಾಲದಲ್ಲಿ ಅಂಗಳದ ನೀರಿನ ಮೇಲೆ ಕಾಗದದ ದೋಣಿಯನ್ನು ತೇಲಿಬಿಡದ ಮಕ್ಕಳು ವಿರಳ. ಆ ದೋಣಿಗೆ ಎತ್ತರವಾದ ಕಡ್ಡಿಯನ್ನು ಸಿಕ್ಕಿಸಿ ಹಾಯಿ ಕಟ್ಟಿದರೆ ಗಾಳಿ ಸೋಂಕಿದೊಡನೆಯೇ ಮಗುಚಿಕೊಳ್ಳುವುದು. ತಳದಲ್ಲಿ ಒಂದೆರಡು ಹರಳುಗಳನ್ನಿಟ್ಟರೆ ನೆಟ್ಟಗೆ ನಿಲ್ಲುವುದು. ಇದು ಆಟದ ಮಾತು. ಆದರೆ ಇದೇ ಸಂಗತಿಯನ್ನು ಲೆಕ್ಕಹಾಕಲು ತಿಳಿಯದೆ ಹಿಂದೆ ಒಂದು ದೇಶವು ತನ್ನ ಹೆಮ್ಮೆಯ ಹಡಗನ್ನೂ ಅದರೊಡನೆ ಸುಮಾರು 30 ಜೀವಗಳನ್ನೂ ಕಳೆದುಕೊಂಡಿತು. ಇಂದು ಆ ಹಡಗನ್ನು ಗಣಕಯಂತ್ರದೊಳಗೆ ಅಂಕಿಗಳಿಂದ ಮತ್ತೆ ಕಟ್ಟಿ ತೇಲಿಸಿ ನೋಡಲು ಸಾಧ್ಯವಾಗಿದೆ. ಅಂತಹ ಮಾದರಿಯನ್ನು ಕಟ್ಟುವ ಬಗೆ ಹೇಗೆ, ಅದರಲ್ಲಿ ಪ್ರಾಮಾಣಿಕತೆಯ ಪಾತ್ರವೇನು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ವಾಸಾ ಹಡಗಿನ ವೃತ್ತಾಂತ

ಸ್ವೀಡನ್ನಿನ ಅರಸನಾದ ಎರಡನೆಯ ಗುಸ್ತಾವ್ ಅಡಾಲ್ಫನ ಅಪ್ಪಣೆಯಂತೆ ಸ್ಟಾಕ್‌ಹೋಮ್ ನಗರದಲ್ಲಿ ಕಟ್ಟಿದ ಯುದ್ಧನೌಕೆಯ ಹೆಸರು ‘ವಾಸಾ’. ಮೂರು ಕೂವೆಮರಗಳು, ಹತ್ತು ಹಾಯಿಗಳು, 64 ಫಿರಂಗಿಗಳು, ಮೈತುಂಬ ಕೆತ್ತನೆಯ ಬೊಂಬೆಗಳು, ನೋಡಿದವರು ಬೆರಗಾಗುವಂತಿತ್ತು. ಕಟ್ಟಡದ ಹೊಣೆ ಹೊತ್ತಿದ್ದ ಹೆನ್ರಿಕ್ ಹ್ಯೂಬರ್ಟ್ಸನ್ ಎಂಬ ಶಿಲ್ಪಿಯು ಕೆಲಸ ಮುಗಿಯುವ ಮುನ್ನವೇ 1627ರಲ್ಲಿ ತೀರಿಕೊಂಡನು.

ಹಡಗು ಹೊರಡುವ ಮೊದಲು ಅದರ ಸ್ಥಿರತೆಯನ್ನು ಪರೀಕ್ಷಿಸಲು 30 ಮಂದಿಯನ್ನು ಅದರ ಅಟ್ಟದ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿದರು. ಮೂರು ಸಲ ಓಡುವಷ್ಟರಲ್ಲಿಯೇ ಹಡಗು ಭಯವಾಗುವಂತೆ ಓಲಾಡಿತು. ಉಪ ಅಡ್ಮಿರಲ್ ಕ್ಲಾಸ್ ಫ್ಲೆಮಿಂಗನು ಓಟವನ್ನು ನಿಲ್ಲಿಸಿದನು. ಹಡಗಿನ ಪ್ರಯಾಣವನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ.

1628ನೆಯ ಇಸವಿ ಆಗಸ್ಟ್ 10ರಂದು ವಾಸಾ ಹೊರಟಿತು. ಬಿಚ್ಚಿದ್ದುದು ನಾಲ್ಕೇ ಹಾಯಿಗಳು, ಗಾಳಿಯೂ ಮಂದವಾಗಿತ್ತು. ಒಂದು ಬೀಸಿಗೆ ಹಡಗು ಎಡಕ್ಕೆ ವಾಲಿತು. ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ಒಳನುಗ್ಗಿತು. ಸುಮಾರು 1,300 ಮೀಟರ್ ದೂರ ಸಾಗಿದ್ದ ಹಡಗು, ದಡದ ಜನ ನೋಡುತ್ತಿದ್ದಂತೆಯೇ ಮುಳುಗಿಹೋಯಿತು.

ವಿಚಾರಣೆ ನಡೆಯಿತು. ಕಪ್ತಾನನನ್ನು ಬಂಧಿಸಿ ಕೇಳಿದರು, ಶಿಲ್ಪಿಗಳನ್ನು ಕೇಳಿದರು. ಕೊನೆಗೆ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ವಸ್ತುಗಳು ಏಕೆ ತೇಲುವುವೆಂಬ ಆರ್ಕಿಮಿಡೀಸನ ತತ್ತ್ವವು ಲೋಕಕ್ಕೆ ಬಹುಕಾಲದಿಂದ ತಿಳಿದಿತ್ತು. ಆದರೆ ಹಡಗು ಎಷ್ಟು ವಾಲಿದರೆ ಮತ್ತೆ ಎದ್ದು ನಿಲ್ಲುವುದೆಂದು ಕಟ್ಟುವ ಮೊದಲೇ ಗುಣಿಸಿ ಹೇಳುವ ವಿಧಾನವು ಆ ಕಾಲದಲ್ಲಿ ಇರಲಿಲ್ಲ. ಅದನ್ನು ಫ್ರಾನ್ಸಿನ ಪಿಯರ್ ಬೂಗೇ ಎಂಬ ವಿದ್ವಾಂಸನು 1746ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದನು. ಅಂದರೆ ವಾಸಾ ಮುಳುಗಿ 118 ವರ್ಷಗಳಾದ ಬಳಿಕ!

1956ರಲ್ಲಿ ಆಂಡರ್ಸ್ ಫ್ರಾನ್ಸೆನ್ ಎಂಬವರು ಸಮುದ್ರತಳದಲ್ಲಿ ಆ ಹಡಗಿನ ನೆಲೆಯನ್ನು ಕಂಡುಹಿಡಿದರು. 1961ರ ಏಪ್ರಿಲ್ 24ರಂದು, 333 ವರ್ಷಗಳ ತರುವಾಯ, ಅದು ನೀರಿನಿಂದ ಮೇಲೆದ್ದಿತು. ಈಗ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿದೆ. ಮೂಲ ಹಡಗೇ ಕಣ್ಣಮುಂದಿರುವುದರಿಂದ ಗಣಿತದ ಮಾದರಿಗೆ ಇದಕ್ಕಿಂತ ಉತ್ತಮವಾದ ಉದಾಹರಣೆ ದೊರೆಯಲಾರದು.

ಸಿಮ್ಯುಲೇಟರ್ ಎಂದರೇನು?

ವಿಮಾನ ಚಾಲಕರಿಗೂ ನಾವಿಕರಿಗೂ ತರಬೇತಿ ಕೊಡಲು ಸಿಮ್ಯುಲೇಟರ್ ಎಂಬ ಅನುಕರಣ ಯಂತ್ರವನ್ನು ಬಳಸುವರು. ಎದುರಿನ ತೆರೆಯ ಮೇಲೆ ಸಮುದ್ರ ಕಾಣುವುದು. ಕೈಯಲ್ಲಿ ಚುಕ್ಕಾಣಿ ಇರುವುದು. ಚುಕ್ಕಾಣಿ ತಿರುಗಿಸಿದೊಡನೆ ನಿಜವಾದ ಹಡಗು ಹೇಗೆ ತಿರುಗುತ್ತಿತ್ತೋ ಹಾಗೆಯೇ ತೆರೆಯ ಮೇಲಣ ಹಡಗೂ ತಿರುಗಬೇಕು. ಅದಕ್ಕಾಗಿ ಗಣಕಯಂತ್ರವು ಪ್ರತಿ ಸೆಕೆಂಡಿಗೆ ಹಲವು ಬಾರಿ ಹಡಗಿನ ಮೇಲೆ ಬೀಳುವ ಬಲಗಳನ್ನೆಲ್ಲ ಕೂಡಿಸಿ, ಅದರ ಮುಂದಿನ ಸ್ಥಾನವನ್ನು ನಿರ್ಣಯಿಸುತ್ತಿರುವುದು. ಇಲ್ಲಿ ತಪ್ಪು ಮಾಡಿದರೆ ಯಾರ ಪ್ರಾಣವೂ ಹೋಗದು. ಅದೇ ಇದರ ಹಿರಿಯ ಪ್ರಯೋಜನ.

ಆದುದರಿಂದ ಇಂತಹ ಮಾದರಿಗೆ ಎರಡು ಒಡಲುಗಳುಂಟು. ಒಂದು ಕಣ್ಣಿಗೆ ಕಾಣುವ ಒಡಲು: ಬಣ್ಣ, ಕೆತ್ತನೆ, ಹಗ್ಗ, ಹಾಯಿ. ಇನ್ನೊಂದು ಲೆಕ್ಕದ ಒಡಲು: ಆಕಾರ, ತೂಕ, ಬಲ. ಬ್ಲೆಂಡರ್ ಮೊದಲಾದ ಉಚಿತ ತಂತ್ರಾಂಶಗಳಿಂದ ಮೊದಲನೆಯದನ್ನು ಶ್ರದ್ಧೆಯುಳ್ಳ ವಿದ್ಯಾರ್ಥಿಯೂ ರಚಿಸಬಲ್ಲನು. ಆದರೆ ಎರಡನೆಯದಿಲ್ಲದಿದ್ದರೆ ಅದು ಹಡಗಿನ ಚಿತ್ರವೇ ಹೊರತು ಹಡಗಲ್ಲ.

ಮೊದಲನೆಯ ಮೆಟ್ಟಿಲು: ಅಳತೆ

ಪಾಠಶಾಲೆಯಲ್ಲಿ ಚೌಕಳಿ ಕಾಗದದ ಮೇಲೆ ಒಂದು ಬಿಂದುವನ್ನು ಎರಡು ಅಂಕಿಗಳಿಂದ ಗುರುತಿಸುವುದನ್ನು ನೀವು ಕಲಿತಿರುವಿರಿ. ಅದಕ್ಕೆ ಎತ್ತರವೆಂಬ ಮೂರನೆಯ ಅಂಕಿಯನ್ನು ಸೇರಿಸಿದರೆ ಆಕಾಶದ ಯಾವ ಬಿಂದುವನ್ನಾದರೂ ಹೇಳಬಹುದು. ಟೋಟಲ್ ಸ್ಟೇಷನ್ ಎಂಬ ಉಪಕರಣವು ಬೆಳಕಿನ ಕಿರಣದಿಂದ ದೂರವನ್ನೂ ಕೋನವನ್ನೂ ಅಳೆದು ಇಂತಹ ಮೂರು ಅಂಕಿಗಳನ್ನು ಕೊಡುವುದು. ವಾಸಾ ಹಡಗನ್ನು ಹೀಗೆಯೇ ಬಿಂದು ಬಿಂದುವಾಗಿ ಅಳೆದರು.

ಇಲ್ಲಿ ಒಂದು ಎಚ್ಚರಿಕೆಯ ಮಾತಿದೆ. ದೋಣಿಯ ಮಾದರಿ ಮಾಡುವವರು ಸಾಮಾನ್ಯವಾಗಿ ಅರ್ಧ ಒಡಲನ್ನು ರಚಿಸಿ, ಉಳಿದರ್ಧವನ್ನು ಕನ್ನಡಿಯ ಬಿಂಬದಂತೆ ಯಂತ್ರದಿಂದಲೇ ಮೂಡಿಸಿಕೊಳ್ಳುವರು. ವಾಸಾಕ್ಕೆ ಈ ಸುಲಭೋಪಾಯ ಸಲ್ಲದು. ಏಕೆಂದರೆ ಅದರ ಎಡಬಲಗಳು ಒಂದೇ ಸಮನಾಗಿಲ್ಲ. ಹಡಗಿನೊಳಗೆ ದೊರೆತ ನಾಲ್ಕು ಅಳತೆಕೋಲುಗಳನ್ನು ಪರಿಶೀಲಿಸಲು, ಎರಡು ಸ್ವೀಡನ್ನಿನ 12 ಅಂಗುಲದ ಅಡಿಯವು, ಎರಡು ಆಮ್‌ಸ್ಟರ್‌ಡಾಮಿನ 11 ಅಂಗುಲದ ಅಡಿಯವು ಎಂದು ತಿಳಿದುಬಂತು. ಒಂದೇ ಹಡಗಿನ ಮೇಲೆ ದುಡಿದ ಬಡಗಿಗಳ ಕೈಯಲ್ಲಿ ಎರಡು ಬಗೆಯ ಅಡಿಗಳು! ಮಾದರಿಯನ್ನು ಅಂದಗೊಳಿಸಲೆಂದು ಎರಡೂ ಬದಿಗಳನ್ನು ಸಮಮಾಡಿದರೆ ಇತಿಹಾಸದ ಒಂದು ಸಾಕ್ಷ್ಯವನ್ನೇ ಅಳಿಸಿದಂತಾಗುವುದು.

ಮರವು ಮುನ್ನೂರು ವರ್ಷಗಳಲ್ಲಿ ಕುಗ್ಗಿದೆ, ಬಾಗಿದೆ. ಹಾಳಾಗದಂತೆ ರಾಸಾಯನಿಕ ದ್ರಾವಣವನ್ನು ಕುಡಿದಿದೆ. ಆದುದರಿಂದ ಇಂದಿನ ಆಕಾರ ಬೇರೆ, 1628ರ ಆಕಾರ ಬೇರೆ. ಯಾವುದು ಅಳೆದು ತಿಳಿದುದು, ಯಾವುದು ತಿದ್ದಿ ಊಹಿಸಿದುದು ಎಂಬುದನ್ನು ಮಾದರಿಕಾರನು ಪ್ರತ್ಯೇಕವಾಗಿ ಬರೆದಿಡಬೇಕು. ಹಾಯಿಗಳಲ್ಲಿಯೂ ಹಾಗೆಯೇ: ಆ ದಿನ ಬಿಚ್ಚದೆ ಮಡಿಸಿಟ್ಟಿದ್ದ ಆರು ದೊರೆತಿವೆ, ಉಳಿದ ನಾಲ್ಕನ್ನು ಊಹೆಯಿಂದಲೇ ರಚಿಸಬೇಕು.

ಎರಡನೆಯ ಮೆಟ್ಟಿಲು: ತೇಲುವ ಲೆಕ್ಕ

ಸೌತೆಕಾಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚುವಂತೆ ಹಡಗಿನ ಒಡಲನ್ನು ಅಡ್ಡಲಾಗಿ ಸೀಳಿದೆವೆಂದು ಭಾವಿಸಿರಿ. ಪ್ರತಿ ಸೀಳಿನಲ್ಲಿಯೂ ನೀರಿನೊಳಗಿರುವ ಭಾಗದ ಕ್ಷೇತ್ರಫಲವನ್ನು ಕಂಡುಹಿಡಿಯಬೇಕು. 6 ಮೀಟರ್ ಉದ್ದದ ಒಂದು ದೋಣಿಯನ್ನು ತೆಗೆದುಕೊಳ್ಳೋಣ. ಮೀಟರಿಗೊಂದರಂತೆ ಸೀಳುಗಳ ಕ್ಷೇತ್ರಫಲವು 0, 0.4, 0.8, 1.0, 0.8, 0.4, 0 ಚದರ ಮೀಟರ್ ಆಗಿರಲಿ. ತುದಿಗಳು ಸೊನ್ನೆಯಾಗಿರುವುದರಿಂದ ಇವನ್ನು ಕೂಡಿದರೆ ಸಾಕು. ಮುಳುಗಿದ ಗಾತ್ರ 3.4 ಘನ ಮೀಟರ್. ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು 1,025 ಕಿಲೋಗ್ರಾಂ ತೂಗುವುದರಿಂದ ದೋಣಿಯನ್ನು ಎತ್ತಿಹಿಡಿಯುವ ಬಲವು 3,485 ಕಿಲೋಗ್ರಾಂ ತೂಕಕ್ಕೆ ಸಮ. ದೋಣಿ ಹಾಗೂ ಸರಕಿನ ತೂಕ ಅಷ್ಟೇ ಇದ್ದರೆ ಆ ಗೆರೆಯವರೆಗೆ ಮುಳುಗಿ ನಿಲ್ಲುವುದು. ವಾಸಾಕ್ಕೂ ಲೆಕ್ಕ ಇದೇ; ಸೀಳುಗಳು ಹೆಚ್ಚು, ಒಟ್ಟು ತೂಕ ಸುಮಾರು 1,210 ಟನ್.

ಮೂರನೆಯ ಮೆಟ್ಟಿಲು: ಸ್ಥಿರತೆ

ಹಡಗಿನ ಭಾರವೆಲ್ಲವೂ ಒಂದು ಬಿಂದುವಿನಲ್ಲಿ ಕೆಳಗೆ ಎಳೆಯುವುದೆಂದು ಎಣಿಸಬಹುದು, ಅದು ಗುರುತ್ವಕೇಂದ್ರ. ನೀರು ಮೇಲಕ್ಕೆ ಒತ್ತುವ ಬಿಂದುವು ಪ್ಲವನಕೇಂದ್ರ. ಹಡಗು ವಾಲಿದಾಗ ಪ್ಲವನಕೇಂದ್ರವು ವಾಲಿದ ಬದಿಗೆ ಸರಿಯುವುದು. ಅಲ್ಲಿಂದ ನೆಟ್ಟಗೆ ಮೇಲಕ್ಕೆ ಎಳೆದ ಗೆರೆಯು ಹಡಗಿನ ನಡುಗೆರೆಯನ್ನು ಸಂಧಿಸುವ ಸ್ಥಾನಕ್ಕೆ ಮೆಟಾಸೆಂಟರ್ ಎಂದು ಹೆಸರು. ಬೂಗೇ ತೋರಿಸಿಕೊಟ್ಟ ಬಿಂದು ಇದೇ. ಗುರುತ್ವಕೇಂದ್ರವು ಇದರ ಕೆಳಗಿದ್ದರೆ ಹಡಗು ಮತ್ತೆ ಎದ್ದು ನಿಲ್ಲುವುದು. ಮೇಲಿದ್ದರೆ ಇನ್ನಷ್ಟು ವಾಲುವುದು.

ಪೆಟ್ಟಿಗೆಯಾಕಾರದ ದೋಣಿಗೆ ಲೆಕ್ಕ ಸುಲಭ. ಅಗಲ 4 ಮೀಟರ್, ಮುಳುಗಿದ ಆಳ 1 ಮೀಟರ್ ಇರಲಿ. ಪ್ಲವನಕೇಂದ್ರವು ತಳದಿಂದ 0.5 ಮೀಟರ್ ಎತ್ತರದಲ್ಲಿರುವುದು. ಅಗಲದ ವರ್ಗವನ್ನು ಆಳದ 12 ಪಟ್ಟಿನಿಂದ ಭಾಗಿಸಿದರೆ 1.33 ಬರುವುದು. ಎರಡನ್ನೂ ಕೂಡಿಸಲು ಮೆಟಾಸೆಂಟರ್ ತಳದಿಂದ 1.83 ಮೀಟರ್ ಎತ್ತರದಲ್ಲಿದೆಯೆಂದಾಯಿತು. ಗುರುತ್ವಕೇಂದ್ರ 1.5 ಮೀಟರಿನಲ್ಲಿದ್ದರೆ ದೋಣಿ ಕ್ಷೇಮ. ಅದೇ ತೂಕದ ಸರಕನ್ನು ಮೇಲೆ ಪೇರಿಸಿ ಗುರುತ್ವಕೇಂದ್ರವನ್ನು 2 ಮೀಟರಿಗೆ ಏರಿಸಿದರೆ ಅಪಾಯ. ತೂಕ ಬದಲಾಗಲಿಲ್ಲ, ಅದರ ಎತ್ತರ ಮಾತ್ರ ಬದಲಾಯಿತು.

ಆದುದರಿಂದ ಮಾದರಿಕಾರನು ಪ್ರತಿಯೊಂದು ತೊಲೆ, ಹಲಗೆ, ಫಿರಂಗಿ, ತಳದಲ್ಲಿ ತುಂಬಿದ ಕಲ್ಲು, ಕೂವೆಮರ, ಇವೆಲ್ಲವುಗಳ ತೂಕವನ್ನೂ ಎತ್ತರವನ್ನೂ ಪಟ್ಟಿಮಾಡಬೇಕು. ತೂಕವನ್ನು ಎತ್ತರದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವಕೇಂದ್ರದ ಎತ್ತರ ಸಿಗುವುದು. ವಾಸಾ ಮುಳುಗಿದ್ದು ಫಿರಂಗಿಗಳ ಭಾರದಿಂದ ಎಂದು ಜನರು ಬಹುಕಾಲ ಹೇಳುತ್ತಿದ್ದರು. ಲೆಕ್ಕಹಾಕಿದರೆ ಒಟ್ಟು ತೂಕದಲ್ಲಿ ಫಿರಂಗಿಗಳ ಪಾಲು ಅಲ್ಪ. ನೀರಿನ ಮೇಲಣ ಒಡಲಿನ ದಪ್ಪ ಮರಗೆಲಸವೇ ಹಡಗನ್ನು ತಲೆಭಾರವಾಗಿಸಿತ್ತು. ಮಾದರಿ ಕಟ್ಟುವುದರಿಂದ ಊಹೆ ಹೋಗಿ ಅರಿವು ಬರುವುದೆಂಬುದಕ್ಕೆ ಇದೇ ನಿದರ್ಶನ.

ನಾಲ್ಕನೆಯ ಮೆಟ್ಟಿಲು: ಗಾಳಿ ಮತ್ತು ಪರೀಕ್ಷೆ

ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಣ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುವುದು. ಹಡಗನ್ನು ನಡೆಸುವ ಈ ಬಲವೇ ಅದನ್ನು ವಾಲಿಸುವುದೂ ಹೌದು. ಮಂದವಾದ ಗಾಳಿಯ ನಡುವೆ ಬಂದ ಒಂದು ಬೀಸು ಏಕೆ ಅಷ್ಟು ಅನರ್ಥ ಮಾಡಿತೆಂಬುದು ಇದರಿಂದ ಅರ್ಥವಾಗುವುದು.

ಮಾದರಿ ಸಿದ್ಧವಾದ ಮೇಲೆ ಅದು ಸತ್ಯವೋ ಎಂದು ಒರೆಹಚ್ಚಬೇಕು. ನಡೆದುಹೋದ ಸಂಗತಿಯೇ ಒರೆಗಲ್ಲು. ಗಣಕಯಂತ್ರದ ಹಡಗಿನ ಮೇಲೆ 30 ಮಂದಿಯನ್ನು ಓಡಿಸಿರಿ. ತಲೆಗೆ 70 ಕಿಲೋಗ್ರಾಂ ಎಂದರೂ ಒಟ್ಟು 2.1 ಟನ್; ಹಡಗಿನ ತೂಕದ ಐನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟಕ್ಕೇ ಹಡಗು ಅಂಜಿಕೆಯಾಗುವಂತೆ ಓಲಾಡಬೇಕು. ನಾಲ್ಕು ಹಾಯಿ ಬಿಚ್ಚಿ ಒಂದು ಬೀಸು ಕೊಟ್ಟಾಗ ಮುಳುಗಬೇಕು. ಮುಳುಗದಿದ್ದರೆ ತಪ್ಪು ನಮ್ಮ ಲೆಕ್ಕದಲ್ಲಿದೆ. ಆಗ ಉತ್ತರಕ್ಕೆ ಹೊಂದುವಂತೆ ಅಂಕಿಗಳನ್ನು ತಿರುಚದೆ, ಅಳತೆಯಿಂದ ಮೊದಲುಮಾಡಿ ಮತ್ತೆ ಪರಿಶೀಲಿಸಬೇಕು.

ನಮ್ಮ ಕರಾವಳಿಯ ಒಂದು ದೃಷ್ಟಾಂತ

ವಾಸಾದಲ್ಲಿ ಹಡಗು ಮೊದಲು, ಲೆಕ್ಕ ಆಮೇಲೆ. ನಮ್ಮ ದೇಶದಲ್ಲಿ ಈಚೆಗೆ ಇದರ ವಿಪರ್ಯಾಸವಾಗಿ, ಲೆಕ್ಕ ಮೊದಲು, ಹಡಗು ಆಮೇಲೆ ಎಂಬಂತೆ ಒಂದು ಪ್ರಯತ್ನ ನಡೆಯಿತು. ಅಜಂತೆಯ ಗುಹೆಯಲ್ಲಿ ಐದನೆಯ ಶತಮಾನದ ಒಂದು ಹಡಗಿನ ಚಿತ್ರವಿದೆ. ನಕ್ಷೆಯಾಗಲಿ ಅವಶೇಷವಾಗಲಿ ಉಳಿದಿಲ್ಲ. ಆ ಚಿತ್ರವನ್ನಾಧರಿಸಿ ಗೋವೆಯಲ್ಲಿ 2023ರಿಂದ ಒಂದು ಹಡಗನ್ನು ಕಟ್ಟಿದರು. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುವ ಪುರಾತನ ವಿಧಾನವನ್ನು ಬಲ್ಲ ಕೇರಳದ ಕುಶಲಕರ್ಮಿಗಳು ಅದನ್ನು ಹೊಲಿದರು. ಅದು ನೀರಿನಲ್ಲಿ ಹೇಗೆ ವರ್ತಿಸೀತೆಂಬುದನ್ನು ತಿಳಿಯಲು ಮದರಾಸಿನ ಐಐಟಿಯ ನೆರವಿನಿಂದ ಮಾದರಿ ಪರೀಕ್ಷೆಗಳು ನಡೆದುವು. 2025ರ ಮೇ 21ರಂದು ಕಾರವಾರದಲ್ಲಿ ‘ಕೌಂಡಿನ್ಯ’ ಎಂಬ ಹೆಸರಿನಿಂದ ಅದು ನೌಕಾದಳವನ್ನು ಸೇರಿತು. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿಯಲ್ಲಿ ಒಮಾನಿನ ಮಸ್ಕತ್ತನ್ನು ಕ್ಷೇಮವಾಗಿ ತಲಪಿತು. ಕೈಯ ಕಸಬೂ ಕಾಗದದ ಗಣಿತವೂ ಕೂಡಿದರೆ ಏನಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ವಿದ್ಯಾರ್ಥಿಮಿತ್ರರೇ, ವಾಸಾ ಓಲಾಡುವುದನ್ನು ಕಂಡವರು ಹಲವರು. ‘ಇದು ಹೊರಡಬಾರದು’ ಎಂದು ಅಂಕಿ ಹಿಡಿದು ನುಡಿಯಬಲ್ಲವರು ಒಬ್ಬರೂ ಇರಲಿಲ್ಲ. ಇಂದು ನಮಗೆ ಆ ಅಂಕಿಗಳುಂಟು. ಕಂಡುದನ್ನು ಅಳೆಯುವ ತಾಳ್ಮೆ, ಅಳೆದುದನ್ನು ಹೇಳುವ ಧೈರ್ಯ, ಇವೆರಡನ್ನೂ ಕಲಿಸಿದಾಗಲೇ ಗಣಿತದ ಪಾಠ ಸಾರ್ಥಕ. ಮಕ್ಕಳು ಗಣಕಯಂತ್ರದ ಮುಂದೆ ಕುಳಿತಾಗ ‘ಇದು ಬರಿಯ ಚಿತ್ರವೋ, ಇದಕ್ಕೆ ತೂಕವುಂಟೋ?’ ಎಂದು ತಂದೆತಾಯಿಗಳು ಒಮ್ಮೆ ಕೇಳಿದರೆ ಬಹಳ ಉಪಕಾರವಾಗುವುದು.

ಅಭ್ಯಾಸ

1. ಮೇಲಿನ ಪೆಟ್ಟಿಗೆ ದೋಣಿಯ ಅಗಲವನ್ನು 3 ಮೀಟರಿಗೆ ಇಳಿಸಿ, ಮುಳುಗಿದ ಆಳವನ್ನು 1 ಮೀಟರಿನಲ್ಲಿಯೇ ಇರಿಸಿದರೆ ಮೆಟಾಸೆಂಟರ್ ಎಷ್ಟು ಎತ್ತರದಲ್ಲಿರುವುದು? ಗುರುತ್ವಕೇಂದ್ರ 1.5 ಮೀಟರಿನಲ್ಲಿದ್ದರೆ ದೋಣಿ ಎದ್ದು ನಿಲ್ಲುವುದೇ?

2. ಒಂದು ತಗಡಿನ ಡಬ್ಬಿಯನ್ನು ನೀರಿನಲ್ಲಿ ತೇಲಿಸಿ, ಅದರ ತಳದಲ್ಲಿ ಹರಳುಗಳನ್ನಿಟ್ಟು ನೋಡಿರಿ. ಅಷ್ಟೇ ಹರಳುಗಳನ್ನು ಮುಚ್ಚಳದ ಮೇಲಿಟ್ಟು ನೋಡಿರಿ. ಕಂಡ ವ್ಯತ್ಯಾಸವನ್ನು ಕಾರಣಸಹಿತವಾಗಿ ಬರೆಯಿರಿ.

3. ನಿಮ್ಮ ಊರಿನ ಸಮೀಪದಲ್ಲಿ ದೋಣಿ ಅಥವಾ ಹರಿಗೋಲು ಇದ್ದರೆ, ಹಿರಿಯರ ಜೊತೆಗೆ ಹೋಗಿ ಅದರ ಉದ್ದ, ಅಗಲ, ಆಳಗಳನ್ನು ಅಳೆದು ಪಟ್ಟಿಮಾಡಿರಿ. ಅಳೆದುದನ್ನೂ ಊಹಿಸಿದುದನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆಯಲು ಮರೆಯದಿರಿ.