ಟ್ರಂಕು ಬಿಚ್ಚು ಪುಟ್ಟಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದು ನಿನ್ನ ಅಜ್ಜಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟರಾಗಿದ್ದವನು ನಾನು. ಮೂಗೊರೆಸಿಕೊಂಡು "ಶೀತ ಆಗಿದೆ ಸಾರ್" ಅನ್ನುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಹೊಸ ಕಾಲೇಜು, ಹೊಸ ಟೀಮು, ಇಡೀ ಟೂರ್ನಮೆಂಟಿನಲ್ಲಿ ನಿನ್ನ ಪಾಲಿಗೆ ಬಂದದ್ದು ಆರು ನಿಮಿಷ. ಸಮಾಧಾನ ಹೇಳುವುದಕ್ಕೆ ನನಗೆ ಬರುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರ ಗೋರಾನ್ ಡ್ರಾಗಿಚ್ ಕಥೆ ಹೇಳುತ್ತೇನೆ, ಕೇಳು.

ನಿನ್ನ ಕೋಣೆಯ ಗೋಡೆ ಮೇಲೆ ಲೂಕಾ ದೊಂಚಿಚ್ ಇದ್ದಾನಲ್ಲ, ಇವನೂ ಅವನ ಊರಿನವನೇ. ಸ್ಲೊವೇನಿಯಾ ದೇಶದ ಲ್ಯುಬ್ಲ್ಯಾನಾ. ಲೂಕಾಗಿಂತ ಸುಮಾರು ಹದಿಮೂರು ವರ್ಷ ದೊಡ್ಡವನು, 1986ರ ಮೇ 6ರಂದು ಹುಟ್ಟಿದವನು. ನಿನ್ನ ಹಾಗೇ ಎಡಚ. ಮೊದಲು ಫುಟ್‌ಬಾಲ್ ಹುಚ್ಚಿತ್ತು, ಕಾಲಿಗೆ ಪೆಟ್ಟಾದ ಮೇಲೆ ಬ್ಯಾಸ್ಕೆಟ್‌ಬಾಲಿಗೆ ಬಂದ. ಊರಿನ ಇಲಿರಿಯಾ, ಸ್ಲೊವಾನ್ ಕ್ಲಬ್ಬುಗಳಲ್ಲಿ ಆಡಿದ. ಸ್ಪೇನಿನ ದೊಡ್ಡ ಕ್ಲಬ್ಬೊಂದು ಕರೆದು ಸಹಿ ಹಾಕಿಸಿಕೊಂಡಿತು. ಹೋದರೆ, ಅಲ್ಲಿ ಆಡಿಸುವ ಬದಲು ಮುರ್ಸಿಯಾ ಎಂಬ ಊರಿನ ತಂಡಕ್ಕೆ ಎರವಲು ಕೊಟ್ಟುಬಿಟ್ಟರು. ಮದುವೆ ಮನೆಗೆ ಪಾತ್ರೆ ಕೊಟ್ಟ ಹಾಗೆ. ಆಮೇಲೆ ತನ್ನೂರಿನ ಒಲಿಂಪಿಯಾಗೆ ವಾಪಸು.

2008ರಲ್ಲಿ ಅಮೆರಿಕದ ಎನ್‌ಬಿಎ ಲೀಗಿನ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ಇವನನ್ನು 45ನೆಯವನಾಗಿ ಆರಿಸಿತು. ಅದೇ ರಾತ್ರಿ ಇನ್ನೊಬ್ಬ ಆಟಗಾರ ಮತ್ತು ಒಂದಿಷ್ಟು ಹಣಕ್ಕೆ ಬದಲಾಗಿ ಇವನ ಹಕ್ಕನ್ನು ಫೀನಿಕ್ಸ್ ಸನ್ಸ್‌ಗೆ ದಾಟಿಸಿತು. ಫೀನಿಕ್ಸ್‌ನಲ್ಲಿ ಇವನ ಜಾಗದಲ್ಲೇ ಆಡುತ್ತಿದ್ದವನು ಸ್ಟೀವ್ ನ್ಯಾಶ್, ಎರಡು ಸಲ ಲೀಗಿನ ಅತ್ಯುತ್ತಮ ಆಟಗಾರ ಎನ್ನಿಸಿಕೊಂಡವನು. ಅವನನ್ನು ಎಬ್ಬಿಸಿ ಇವನನ್ನು ಯಾರು ಕೂರಿಸುತ್ತಾರೆ? ಮೊದಲ ವರ್ಷ ಸರಾಸರಿ ಹದಿಮೂರು ನಿಮಿಷ ಸಿಕ್ಕಿತು. ಆ ಹದಿಮೂರೂ ನಡುಗುತ್ತ ಆಡಿದ್ದು. ಇವನನ್ನು ತಂದದ್ದೇ ದಂಡ ಅಂದವರಿದ್ದರು.

ಬೆಂಚಿನಲ್ಲಿ ಎರಡು ಥರ ಕೂರಬಹುದು ಕಣೇ. ಒಂದು, ಮುಂದಿರುವವನು ಯಾವಾಗ ಎಡವುತ್ತಾನೆ ಎಂದು ಕಾಯುತ್ತ. ಇನ್ನೊಂದು, ಅವನು ಯಾಕೆ ಎಡವುವುದಿಲ್ಲ ಎಂದು ನೋಡುತ್ತ. ಮೊದಲನೆಯದರಲ್ಲಿ ಹೊಟ್ಟೆಯುರಿ ಬಿಟ್ಟು ಬೇರೇನೂ ಹುಟ್ಟುವುದಿಲ್ಲ. ಡ್ರಾಗಿಚ್ ನ್ಯಾಶ್‌ನನ್ನು ನೋಡಿದ. 2010ರ ಮೇ 7, ಇಪ್ಪತ್ತನಾಲ್ಕು ತುಂಬಿದ ಮರುದಿನ, ಪ್ಲೇಆಫ್ ಪಂದ್ಯ. ಎದುರಾಳಿ ಯಾರು ಅಂದುಕೊಂಡೆ? ಅದೇ ಸ್ಪರ್ಸ್, ಅವರದೇ ಅಂಗಳ. ಕೊನೆಯ ಕ್ವಾರ್ಟರಿನಲ್ಲಿ ಈ ಬೆಂಚಿನ ಹುಡುಗ ಒಬ್ಬನೇ 23 ಅಂಕ ಹೊಡೆದ. ಆ ಪಂದ್ಯದಲ್ಲಿ ಒಟ್ಟು 26. ಫೀನಿಕ್ಸ್ 110-96ರಲ್ಲಿ ಗೆದ್ದಿತು. ಆ ವಿಡಿಯೋ ಸಿಕ್ಕರೆ ನೋಡು. ಡ್ರಾಗಿಚ್‌ನನ್ನಲ್ಲ, ಅಂಕಣದ ಹೊರಗೆ ಕೂತ ಸಹ ಆಟಗಾರರ ಮುಖ ನೋಡು.

ಅಷ್ಟು ಆಡಿದವನನ್ನು ಮುಂದಿನ ಫೆಬ್ರವರಿಯಲ್ಲಿ ಹ್ಯೂಸ್ಟನ್‌ಗೆ ಸಾಗಹಾಕಿದರು. 2012ರಲ್ಲಿ ಅವರೇ ವಾಪಸು ಕರೆದರು. 2013-14ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಸುಧಾರಿಸಿದ ಆಟಗಾರನೆಂಬ ಪ್ರಶಸ್ತಿ ಬಂತು. ಮುಗಿಯಿತೇ? ಮರುವರ್ಷವೇ ಅವನ ಜಾಗಕ್ಕೆ ಇನ್ನೂ ಇಬ್ಬರನ್ನು ಇಟ್ಟುಕೊಂಡು, ಚೆಂಡು ಹಿಡಿದು ಆಟ ಕಟ್ಟುವವನನ್ನು ಮೂಲೆಯಲ್ಲಿ ನಿಲ್ಲಿಸಿದರು. ಆಗ ಅವನು ಸುಮ್ಮನಿರಲಿಲ್ಲ. ಆಡಳಿತದ ಮೇಲೆ ನನಗೆ ನಂಬಿಕೆ ಹೋಗಿದೆ, ಕಳಿಸಿಕೊಡಿ ಎಂದ. 2015ರ ಫೆಬ್ರವರಿಯಲ್ಲಿ ಮಯಾಮಿಗೆ ಹೋದ, ಜೊತೆಗೆ ತಮ್ಮ ಜೋರಾನ್‌ನೂ. ಅದು ಸರಿಯಾದ ಜಗಳ ಎಂದೇ ನನಗನ್ನಿಸುತ್ತದೆ. ಕಲಿಯುವುದಿರುವಾಗ ಬೆಂಚಿನಲ್ಲಿ ಕೂರುವುದು ಬೇರೆ, ಕಲಿತ ಕೆಲಸವನ್ನು ಕಿತ್ತುಕೊಂಡಾಗ ಸಹಿಸುವುದು ಬೇರೆ. ನೀನಿನ್ನೂ ಮೊದಲನೆಯದರಲ್ಲಿದ್ದೀಯ. ಬೇಜಾರು ಮಾಡಿಕೊಳ್ಳಬೇಡ.

ಈಗ ನಿನ್ನ ತಾತನ ಪೆದ್ದುತನ. ನನಗೆ ಒಂದು ಸಲ ದೂರದ ಊರಿಗೆ ವರ್ಗವಾಯಿತು. ರದ್ದಾಗುತ್ತದೆ, ಇವತ್ತು ಆದೇಶ ಬರುತ್ತದೆ, ನಾಳೆ ಬರುತ್ತದೆ ಅಂತ ಮೂರು ತಿಂಗಳು ಟ್ರಂಕೇ ಬಿಚ್ಚಲಿಲ್ಲ. ಮೇಲಿನ ಎರಡು ಅಂಗಿಯಲ್ಲೇ ಕಾಲ ಹಾಕಿದೆ. ಹುಡುಗರು ಬೆನ್ನ ಹಿಂದೆ "ಟ್ರಂಕು ಮೇಷ್ಟ್ರು" ಅನ್ನುತ್ತಿದ್ದರು. ಒಂದು ದಿನ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, "ಸಾರ್, ಚೆಂಡಿದೆಯಾ?" ಅಂದಳು. ಇತ್ತು, ಟ್ರಂಕಿನ ತಳದಲ್ಲಿ. ತೆಗೆದು ನೋಡಿದರೆ ಗಾಳಿ ಇಳಿದು ಒಣಗಿದ ಸೋರೆಬುರುಡೆಯಾಗಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಹೊರಟುಹೋದಳು. ಆದೇಶ ಕೊನೆಗೂ ಬರಲಿಲ್ಲ. ಆ ಊರಿನಲ್ಲಿ ನಾಲ್ಕು ವರ್ಷ ಇದ್ದೆ.

ಡ್ರಾಗಿಚ್‌ಗೂ ಈ ರೋಗ ಒಮ್ಮೆ ತಗುಲಿತು, ಅದಕ್ಕೇ ಅವನು ನನಗೆ ಹತ್ತಿರದವನು ಅನ್ನಿಸುತ್ತಾನೆ. 2021ರಲ್ಲಿ ಮಯಾಮಿ ಅವನನ್ನು ಟೊರಾಂಟೊಗೆ ಕಳಿಸಿದಾಗ, ಅದು ನಾನು ಬಯಸಿದ ಊರಲ್ಲ ಎಂದು ತನ್ನ ದೇಶದ ಮಾಧ್ಯಮದ ಮುಂದೆ ಆಡಿಬಿಟ್ಟ. ಕ್ಷಮೆ ಕೇಳಿದ, ಆದರೆ ಆಡಿದ ಮಾತು ಟೊರಾಂಟೊ ಜನರ ಕಿವಿಯಲ್ಲೇ ಉಳಿಯಿತು. ಅಲ್ಲಿ ಬರೀ ಐದು ಪಂದ್ಯ ಆಡಿದ. ಅಲ್ಲಿಂದ 2022ರಲ್ಲಿ ಕಾಗದದ ಮೇಲೆ ಮತ್ತೆ ಸ್ಪರ್ಸ್ ಪಾಲಾದ, ಕೆಲವೇ ದಿನಗಳಲ್ಲಿ ಬಿಡುಗಡೆಯೂ ಆಯಿತು. ಎರಡು ಸಲ ಆ ತಂಡದ ಸ್ವತ್ತಾದವನು ಅವರ ಜೆರ್ಸಿ ತೊಟ್ಟು ಒಂದೂ ಪಂದ್ಯ ಆಡಲಿಲ್ಲ! ಆಮೇಲೆ ಬ್ರೂಕ್ಲಿನ್, ಶಿಕಾಗೊ, ಮಿಲ್ವಾಕಿ. ಎನ್‌ಬಿಎಯಲ್ಲೇ ಏಳು ತಂಡಗಳಿಗೆ ಆಡಿದ.

ಮಯಾಮಿಯ ಒಂದು ಸಂಗತಿ ಹೇಳದೆ ಬಿಡಬಾರದು. 2018ರಲ್ಲಿ ಆಲ್‌ಸ್ಟಾರ್ ಪಂದ್ಯ ಆಡಿದವನು. ಮರುವರ್ಷದ ಹೊಸ ಋತುವಿಗೆ ಕೋಚು ಅವನನ್ನು ಕರೆದು, ಇನ್ನು ಮೇಲೆ ಬೆಂಚಿನಿಂದ ಬಾ ಎಂದರು. ಮೂವತ್ತಮೂರು ವಯಸ್ಸು, ಅಷ್ಟು ಹೆಸರು, ಆದರೂ ಒಪ್ಪಿದ. ಬೆಂಚಿನಿಂದ ಬಂದೇ ಪಂದ್ಯಕ್ಕೆ ಸರಾಸರಿ 16.2 ಅಂಕ ಹೊಡೆದ. ಪ್ಲೇಆಫ್ ಬಂದಾಗ ಮತ್ತೆ ಮೊದಲ ಐವರಲ್ಲಿ ನಿಂತ, ತಂಡ 2020ರ ಫೈನಲ್ ಮುಟ್ಟಿತು. ಮೊದಲ ಪಂದ್ಯದಲ್ಲೇ ಎಡ ಅಂಗಾಲಿನ ನರಕಟ್ಟು ಹರಿಯಿತು. ನಾಲ್ಕು ಪಂದ್ಯ ಹೊರಗೆ ಕೂತು ಆರನೆಯದಕ್ಕೆ ಕುಂಟಿಕೊಂಡು ಬಂದ. ಸೋತರು. ಬೆಂಚು ಒಪ್ಪಿಕೊಂಡವರಿಗೆಲ್ಲ ಕಪ್ಪು ಸಿಗುತ್ತದೆ ಎಂದು ನಾನು ಸುಳ್ಳು ಹೇಳಲಾರೆ.

ಕಪ್ಪು ಸಿಕ್ಕಿದ್ದು ಬೇರೆ ಕಡೆ. 2017ರ ಸೆಪ್ಟೆಂಬರ್ 17, ಇಸ್ತಾಂಬುಲ್, ಯೂರೋಬಾಸ್ಕೆಟ್ ಫೈನಲ್. ಇಪ್ಪತ್ತು ಲಕ್ಷ ಜನರ ಸ್ಲೊವೇನಿಯಾ ಒಂದು ಕಡೆ, ಸೆರ್ಬಿಯಾ ಇನ್ನೊಂದು ಕಡೆ. ಡ್ರಾಗಿಚ್‌ನ ಅಪ್ಪ ಸೆರ್ಬ್ ಮೂಲದವರು. ಸ್ಲೊವೇನಿಯಾದ ಕೋಚ್ ಇಗೊರ್ ಕೊಕೊಶ್ಕೊವ್ ಕೂಡ ಸೆರ್ಬಿಯಾದವರೇ. ಫೀನಿಕ್ಸ್‌ನಲ್ಲಿ ಇವನು ಬೆಂಚು ಕಾಯುತ್ತಿದ್ದ ದಿನಗಳಲ್ಲಿ ಅಲ್ಲೇ ಸಹಾಯಕ ಕೋಚಾಗಿದ್ದರು. ನೋಡಿದೆಯಾ, ಯಾವ ಊರಿನಲ್ಲಿ ಆದ ಪರಿಚಯ ಎಲ್ಲಿ ಕೈ ಹಿಡಿಯಿತು. ಆ ದಿನ ಡ್ರಾಗಿಚ್ 35 ಅಂಕ ಹೊಡೆದ. ಮೂರನೇ ಕ್ವಾರ್ಟರಿನಲ್ಲಿ ಹದಿನೆಂಟರ ಹುಡುಗ ಲೂಕಾ ಕಾಲು ಉಳುಕಿ ಹೊರಗೆ ಹೋದ. ಕೊನೆಗೆ ಡ್ರಾಗಿಚ್‌ಗೂ ಸ್ನಾಯು ಹಿಡಿದುಕೊಂಡಿತು. ಪಂದ್ಯ ನಿರ್ಧಾರವಾಗುವ ಹೊತ್ತಿಗೆ ಇಬ್ಬರು ರಾಜರೂ ಹೊರಗೆ. ಒಳಗಿದ್ದ ಪ್ರೆಪೆಲಿಚ್ ಮತ್ತು ಉಳಿದವರು ಗೆಲ್ಲಿಸಿದರು, 93-85. ಆ ದೇಶಕ್ಕೆ ಈ ಪಂದ್ಯಾವಳಿಯಲ್ಲಿ ಅದೇ ಮೊದಲ ಪದಕ, ಅದೂ ಚಿನ್ನ. ಅವತ್ತು ಒಳಗಿದ್ದವರೂ ಎಂದೋ ಎಲ್ಲೋ ಆರು ನಿಮಿಷಕ್ಕೆ ಕಾದವರೇ ಇರಬೇಕು.

2024ರ ಆಗಸ್ಟ್ 24ರಂದು ಲ್ಯುಬ್ಲ್ಯಾನಾದಲ್ಲಿ ಅವನ ಬೀಳ್ಕೊಡುಗೆ ಪಂದ್ಯ ನಡೆಯಿತು. ಲೂಕಾ ಬಂದ, ಸೆರ್ಬಿಯಾದ ಯೋಕಿಚ್ ಬಂದ. ಅಟ್ಲಾಂಟಿಕ್ ದಾಟಿ ಸ್ಟೀವ್ ನ್ಯಾಶ್ ಕೂಡ ಬಂದ.

ಇನ್ನು ನಿನ್ನ ಕೆಲಸ. ನಿನ್ನ ಜಾಗದಲ್ಲಿ ಆಡುತ್ತಾಳಲ್ಲ, ಆ ಹುಡುಗಿ ಎಡಗೈಯಲ್ಲಿ ಚೆಂಡು ತರುವಾಗ ಕಣ್ಣು ಎಲ್ಲಿಟ್ಟಿರುತ್ತಾಳೆ? ಅವಳನ್ನು ಇಬ್ಬರು ಸುತ್ತುವರಿದಾಗ ಮೊದಲ ಹೆಜ್ಜೆ ಯಾವ ಕಡೆ? ಭಾನುವಾರ ಫೋನ್ ಮಾಡಿದಾಗ ನಾನು ಕೇಳುವುದು ಇವೆರಡನ್ನೇ. ನಿನ್ನ ಅಜ್ಜಿ ಪಾರ್ಸಲ್ಲಿನಲ್ಲಿ ಚಟ್ನಿಪುಡಿ ಕಳಿಸಿದ್ದಾಳೆ, ಎರಡು ಡಬ್ಬಿ. ಒಂದು ಆ ಹುಡುಗಿಗೆ ಕೊಡು.

ನಿನ್ನ ತಾತ